ಖಾತೆಯ ಲೆಕ್ಕ ಯಾರ ಸ್ವತ್ತು?

ಮನೆ ಸಾಲಕ್ಕೋ ಬೈಕ್ ಸಾಲಕ್ಕೋ ಅರ್ಜಿ ಹಾಕಿದವರಿಗೆಲ್ಲ ಈ ಕೆಲಸ ಗೊತ್ತೇ ಇದೆ. ನೆಟ್‌ಬ್ಯಾಂಕಿಂಗ್‌ಗೆ ಹೋಗಿ ಆರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಬೇಕು. ಆ ಪಿಡಿಎಫ್‌ಗೆ ಬ್ಯಾಂಕು ಪಾಸ್‌ವರ್ಡ್ ಹಾಕಿರುತ್ತದೆ, ಹೆಚ್ಚಾಗಿ ಹೆಸರಿನ ಮೊದಲ ನಾಲ್ಕಕ್ಷರ ಮತ್ತು ಹುಟ್ಟಿದ ದಿನ. ಫೈಲನ್ನು ವಾಟ್ಸ್‌ಆ್ಯಪಿನಲ್ಲಿ ಏಜೆಂಟರಿಗೆ ಕಳಿಸಿ, ಅದರ ಬೆನ್ನಿಗೇ ಪಾಸ್‌ವರ್ಡನ್ನೂ ಕಳಿಸುತ್ತೇವೆ. ಆ ಫೈಲು ಮುಂದೆ ಎಷ್ಟು ಮೊಬೈಲು ಸುತ್ತಿತು, ಸಾಲ ಸಿಗದೆ ಹೋದ ಮೇಲೆ ಯಾರಾದರೂ ಅಳಿಸಿದರೇ ಎಂದು ವಿಚಾರಿಸಿದವರನ್ನು ನಾನಂತೂ ಕಂಡಿಲ್ಲ. ಇದಕ್ಕಿಂತ ಕೆಟ್ಟ ದಾರಿಗಳೂ ಇದ್ದವು. ಕೆಲವರು ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡನ್ನೇ ಕೇಳುತ್ತಿದ್ದರು. ಕೆಲವು ಆ್ಯಪ್‌ಗಳು ಮೊಬೈಲಿನ ಎಸ್‌ಎಂಎಸ್‌ಗಳನ್ನೆಲ್ಲ ಓದಿ ಸಂಬಳ ಎಷ್ಟು, ಇಎಂಐ ಎಷ್ಟು ಎಂದು ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದವು.

ಓಪನ್ ಬ್ಯಾಂಕಿಂಗ್ ಎನ್ನುವುದು ಈ ಅವ್ಯವಸ್ಥೆಗೆ ಕೊಟ್ಟ ಉತ್ತರ. ಖಾತೆಯಲ್ಲಿರುವ ಹಣದ ಹಾಗೆಯೇ ಆ ಖಾತೆಯ ಲೆಕ್ಕವೂ ಗ್ರಾಹಕರದ್ದು. ಅವರು ಹೇಳಿದರೆ ಬ್ಯಾಂಕು ಅದನ್ನು ಅವರು ತೋರಿಸಿದ ಇನ್ನೊಂದು ಸಂಸ್ಥೆಗೆ ನೇರವಾಗಿ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಕೊಡಲೇಬೇಕು. ಇದು ಒಂದು ಅಂಗ. ಬೇರೆಯವರ ಆ್ಯಪ್ ಮೂಲಕವೇ ನಮ್ಮ ಬ್ಯಾಂಕ್ ಖಾತೆಯಿಂದ ಹಣ ಪಾವತಿಸುವ ಅವಕಾಶ ಇನ್ನೊಂದು ಅಂಗ. ಭಾರತದಲ್ಲಿ ಈ ಎರಡೂ ಇವೆ, ಬೇರೆ ಬೇರೆ ಹೆಸರಿನಲ್ಲಿ. ಎರಡನೆಯದು ಯುಪಿಐ. ಅದನ್ನು ಪರಿಚಯಿಸುವ ಅಗತ್ಯವಿಲ್ಲ. ಮೊದಲನೆಯದು ಅಕೌಂಟ್ ಅಗ್ರಿಗೇಟರ್. ಅದನ್ನು ಬಳಸಿದವರಲ್ಲೂ ಅನೇಕರಿಗೆ ತಾವು ಬಳಸಿದ್ದು ಅದನ್ನೇ ಎಂಬುದು ಗೊತ್ತಿರುವುದಿಲ್ಲ.

ಈ ವಿಚಾರ ಕಾನೂನಿನ ಬಲದಿಂದ ಮೊದಲು ಜಾರಿಗೆ ಬಂದದ್ದು ಯುರೋಪಿನಲ್ಲಿ. ಬ್ರಿಟನ್ನಿನಲ್ಲಿ ಇದರ ಹಿಂದಿದ್ದುದು ಪೈಪೋಟಿಯ ಪ್ರಶ್ನೆ. ಅಲ್ಲಿನ ಸ್ಪರ್ಧಾ ಪ್ರಾಧಿಕಾರ 2016ರಲ್ಲಿ ಬ್ಯಾಂಕಿಂಗ್ ಮಾರುಕಟ್ಟೆಯನ್ನು ಜಾಲಾಡಿದಾಗ, ವರ್ಷಕ್ಕೆ ಶೇ 3ರಷ್ಟು ವೈಯಕ್ತಿಕ ಗ್ರಾಹಕರು ಮಾತ್ರ ಬ್ಯಾಂಕ್ ಬದಲಿಸುತ್ತಾರೆ ಎಂಬುದು ಕಂಡಿತು. ಗ್ರಾಹಕರು ಎಲ್ಲೂ ಹೋಗುವುದಿಲ್ಲ ಎಂದಾದರೆ ಬ್ಯಾಂಕು ಅವರನ್ನು ಚೆನ್ನಾಗಿ ನೋಡಿಕೊಳ್ಳುವುದೇಕೆ? ಹಾಗಾಗಿ ಒಂಬತ್ತು ದೊಡ್ಡ ಬ್ಯಾಂಕುಗಳಿಗೆ ಬಾಗಿಲು ತೆರೆಯುವಂತೆ ಆಜ್ಞೆಯಾಯಿತು. 2018ರ ಜನವರಿ 13ರಂದು, ಯುರೋಪಿನ ಹೊಸ ಪಾವತಿ ಕಾನೂನು ಜಾರಿಯಾದ ದಿನವೇ, ಅಲ್ಲಿ ಓಪನ್ ಬ್ಯಾಂಕಿಂಗ್ ಶುರುವಾಯಿತು. 2024ರ ಹೊತ್ತಿಗೆ ಬಳಕೆದಾರರ ಸಂಖ್ಯೆ ಒಂದು ಕೋಟಿ ದಾಟಿತು. ಲಂಡನ್ನಿನಲ್ಲಿರುವ ಕನ್ನಡಿಗರೊಬ್ಬರು ಇಂದು ತಮ್ಮ ಮೂರು ಬ್ಯಾಂಕುಗಳ ಖಾತೆಗಳನ್ನು ಒಂದೇ ಆ್ಯಪಿನಲ್ಲಿ ನೋಡಬಹುದು, ಆದಾಯ ತೆರಿಗೆಯನ್ನು ಕಾರ್ಡಿನ ಹಂಗಿಲ್ಲದೆ ಖಾತೆಯಿಂದಲೇ ಕಟ್ಟಬಹುದು.

ನಮ್ಮಲ್ಲಿ ಪ್ರಶ್ನೆ ಬೇರೆಯಾಗಿತ್ತು. ಅಡವಿಡಲು ಮನೆ, ಜಮೀನು ಇಲ್ಲದವರಿಗೆ ಸಾಲ ಕೊಡುವುದು ಹೇಗೆ? ಅವರ ಖಾತೆಯಲ್ಲಿ ದಿನವೂ ಹಣ ಬಂದು ಹೋಗುತ್ತದಲ್ಲ, ಅದನ್ನೇ ಸಾಕ್ಷಿಯಾಗಿ ನೋಡಬಾರದೇಕೆ? ಈ ಯೋಚನೆ ಬೆಳೆದದ್ದು ಬಹುಮಟ್ಟಿಗೆ ಬೆಂಗಳೂರಿನಲ್ಲಿ, ಐಸ್ಪಿರ್ಟ್ ಎಂಬ ಸ್ವಯಂಸೇವಕ ತಂತ್ರಜ್ಞರ ಕೂಟದ ಸುತ್ತ. ರಿಸರ್ವ್ ಬ್ಯಾಂಕು 2016ರ ಸೆಪ್ಟೆಂಬರ್ 2ರಂದು ಅಕೌಂಟ್ ಅಗ್ರಿಗೇಟರ್ ಎಂಬ ಹೊಸ ಬಗೆಯ ಕಂಪನಿಗೆ ನಿಯಮ ಹೊರಡಿಸಿತು. ಸರಿಯಾಗಿ ಐದು ವರ್ಷದ ನಂತರ, 2021ರ ಅದೇ ದಿನ, ಎಂಟು ಬ್ಯಾಂಕುಗಳೊಂದಿಗೆ ವ್ಯವಸ್ಥೆಗೆ ಚಾಲನೆ ಸಿಕ್ಕಿತು. ಆಮೇಲೆ ಮ್ಯೂಚುವಲ್ ಫಂಡ್, ವಿಮೆ, ಪಿಂಚಣಿ ನಿಧಿ ಸೇರಿದವು. 2022ರ ನವೆಂಬರಿನಲ್ಲಿ ಜಿಎಸ್‌ಟಿ ಲೆಕ್ಕವೂ ಸೇರಿತು.

ಬ್ರಿಟನ್ನಿನಲ್ಲಿ ಲೆಕ್ಕ ಕೇಳುವ ಸಂಸ್ಥೆ ನೇರವಾಗಿ ಬ್ಯಾಂಕಿನ ಜೊತೆ ಮಾತಾಡುತ್ತದೆ. ಭಾರತದಲ್ಲಿ ನಡುವೆ ಒಬ್ಬ ಮಧ್ಯಸ್ಥನನ್ನು ನಿಲ್ಲಿಸಿದ್ದಾರೆ. ಅವನೇ ಅಗ್ರಿಗೇಟರ್: ಫಿನ್‌ವು, ಒನ್‌ಮನಿ, ಅನುಮತಿ, ಕ್ಯಾಮ್ಸ್‌ಫಿನ್‌ಸರ್ವ್ ಇತ್ಯಾದಿ. ಇವನ ಕೆಲಸ ಮುದ್ರೆ ಒತ್ತಿದ ಲಕೋಟೆಯನ್ನು ಈ ಮನೆಯಿಂದ ಆ ಮನೆಗೆ ಮುಟ್ಟಿಸುವ ಅಂಚೆಯವನದ್ದು. ಮಾಹಿತಿ ಬ್ಯಾಂಕಿನಲ್ಲೇ ಗೂಢಲಿಪಿಗೆ ತಿರುಗಿ, ಕೇಳಿದ ಸಂಸ್ಥೆಯಲ್ಲಷ್ಟೇ ಬಿಚ್ಚಿಕೊಳ್ಳುತ್ತದೆ. ಅಗ್ರಿಗೇಟರ್ ಅದನ್ನು ಓದುವಂತಿಲ್ಲ, ಕೂಡಿಡುವಂತಿಲ್ಲ, ಗ್ರಾಹಕರ ಪಾಸ್‌ವರ್ಡ್ ಅಥವಾ ಪಿನ್ ಕೇಳುವಂತಿಲ್ಲ, ಹಣದ ವಹಿವಾಟು ನಡೆಸುವಂತಿಲ್ಲ, ಬೇರೆ ವ್ಯಾಪಾರ ಮಾಡುವಂತೆಯೂ ಇಲ್ಲ. ಲೆಕ್ಕ ಕೇಳುವ ಸಂಸ್ಥೆಯೂ ರಿಸರ್ವ್ ಬ್ಯಾಂಕ್, ಸೆಬಿಯಂಥ ಯಾವುದಾದರೂ ನಿಯಂತ್ರಕರ ಕೈಕೆಳಗೆ ಇರಲೇಬೇಕು. ಪರವಾನಗಿ ಇಲ್ಲದ ಸಾಲದ ಆ್ಯಪ್‌ಗಳು ಈ ದಾರಿಗೆ ಕಾಲಿಡುವಂತಿಲ್ಲ. ಕಾಗದದ ಮೇಲೆ ಇದು ಜಗತ್ತಿನ ಒಳ್ಳೆಯ ವಿನ್ಯಾಸಗಳಲ್ಲಿ ಒಂದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಅದನ್ನು ಯಾರ ಅನುಕೂಲಕ್ಕೆ ಬಳಸಲಾಗುತ್ತಿದೆ ಎಂಬುದರ ಬಗ್ಗೆ.

ಗ್ರಾಹಕರ ಕಡೆಯಿಂದ ನೋಡಿದರೆ ಎಲ್ಲ ಮುಗಿಯುವುದು ಒಂದೆರಡು ನಿಮಿಷದಲ್ಲಿ. ಸಾಲದ ಅರ್ಜಿಯ ನಡುವೆ ‘ಬ್ಯಾಂಕ್ ಖಾತೆ ಜೋಡಿಸಿ’ ಎಂಬ ಗುಂಡಿ ಬರುತ್ತದೆ. ಒತ್ತಿದರೆ ಅಗ್ರಿಗೇಟರ್‌ನ ಪರದೆ ತೆರೆಯುತ್ತದೆ. ಮೊಬೈಲ್ ಸಂಖ್ಯೆ, ಒಟಿಪಿ. ಆ ಸಂಖ್ಯೆಗೆ ತಳಕು ಹಾಕಿಕೊಂಡ ಖಾತೆಗಳು ನೀವು ಆರಿಸಿದ ಬ್ಯಾಂಕುಗಳಲ್ಲಿ ಎಲ್ಲೆಲ್ಲಿವೆ ಎಂದು ಹುಡುಕಿ ಸಾಲಾಗಿ ತೋರಿಸುತ್ತದೆ. ಬೇಕಾದ್ದಕ್ಕೆ ಗುರುತು ಹಾಕಿದರೆ ಬ್ಯಾಂಕಿನಿಂದ ಇನ್ನೊಂದು ಒಟಿಪಿ. ಆಮೇಲೆ ಒಪ್ಪಿಗೆಯ ಪರದೆ. ‘ಒಪ್ಪಿದೆ’ ಎಂದು ಒತ್ತಿದ ಕೆಲವೇ ಕ್ಷಣಗಳಲ್ಲಿ ಸ್ಟೇಟ್‌ಮೆಂಟ್ ಸಾಲ ಕೊಡುವವರ ಕಂಪ್ಯೂಟರಿನಲ್ಲಿರುತ್ತದೆ. ಯಾರೂ ತಿದ್ದಲಾಗದ, ಬ್ಯಾಂಕಿನ ಡಿಜಿಟಲ್ ಸಹಿಯುಳ್ಳ ಲೆಕ್ಕ. ನಕಲಿ ಪಿಡಿಎಫ್ ತಯಾರಿಸುವ ದಂಧೆಗೆ ಇದು ಒಳ್ಳೆಯ ಪೆಟ್ಟು.

ಇಲ್ಲೊಂದು ಗೊಂದಲವಿದೆ. ಒಟಿಪಿಯನ್ನು ಯಾರಿಗೂ ಕೊಡಬೇಡಿ ಎಂದು ಬ್ಯಾಂಕುಗಳು ವರ್ಷಗಟ್ಟಲೆ ಹೇಳಿಕೊಂಡು ಬಂದಿವೆ. ಈಗ ಅದೇ ಜನರಿಗೆ ಎರಡೆರಡು ಒಟಿಪಿ ಹಾಕಿ ಎನ್ನುತ್ತಿವೆ. ವ್ಯತ್ಯಾಸ ಇಷ್ಟೇ: ನಾವೇ ಶುರು ಮಾಡಿದ ಕೆಲಸಕ್ಕೆ ನಾವೇ ಪರದೆಯಲ್ಲಿ ಹಾಕುವ ಒಟಿಪಿ ಬೇರೆ, ಫೋನ್ ಮಾಡಿದವರಿಗೆ ಬಾಯಿಬಿಟ್ಟು ಹೇಳುವ ಒಟಿಪಿ ಬೇರೆ. ಯುಪಿಐ ಪಿನ್, ಎಟಿಎಂ ಪಿನ್, ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಇವುಗಳಲ್ಲಿ ಯಾವುದನ್ನಾದರೂ ಕೇಳಿದರೆ ಅದು ಅಗ್ರಿಗೇಟರ್ ಅಲ್ಲ, ಮೋಸ. ಲೆಕ್ಕ ತೋರಿಸಲು ಪಿನ್ ಬೇಕಿಲ್ಲ.

ಎಲ್ಲರೂ ಬೇಗ ದಾಟಿಹೋಗುವ ಆ ಒಪ್ಪಿಗೆಯ ಪರದೆಯ ಮುಂದೆ ಸ್ವಲ್ಪ ನಿಲ್ಲಬೇಕು. ಹಳೆಯ ‘ನಿಯಮ ಮತ್ತು ಷರತ್ತುಗಳಿಗೆ ಒಪ್ಪಿದ್ದೇನೆ’ ಎಂಬ ಹದಿನಾಲ್ಕು ಪುಟದ ಬರಹಕ್ಕಿಂತ ಇದು ಬೇರೆ. ಇದರಲ್ಲಿ ಏನೇನಿರಬೇಕು ಎಂಬುದು ನಿಗದಿಯಾಗಿದೆ. ಲೆಕ್ಕ ಕೇಳುತ್ತಿರುವುದು ಯಾರು? ನೀವು ತೆರೆದ ಆ್ಯಪಿನ ಹೆಸರು ಒಂದಿದ್ದು, ಇಲ್ಲಿ ಕಾಣುವ ಹೆಸರು ಇನ್ನೊಂದಿರಬಹುದು. ಏಕೆಂದರೆ ಎಷ್ಟೋ ಆ್ಯಪ್‌ಗಳು ಸಾಲ ಕೊಡುವುದಿಲ್ಲ, ಅವುಗಳ ಹಿಂದಿರುವ ಬ್ಯಾಂಕೋ ಬ್ಯಾಂಕೇತರ ಹಣಕಾಸು ಸಂಸ್ಥೆಯೋ ಕೊಡುತ್ತದೆ. ನಿಮ್ಮ ಸಾಲದಾತ ಯಾರೆಂದು ಮೊದಲ ಸಲ ತಿಳಿಯುವುದು ಕೆಲವೊಮ್ಮೆ ಈ ಪರದೆಯಲ್ಲೇ. ಏತಕ್ಕೆ ಕೇಳುತ್ತಿದ್ದಾರೆ? ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ ಲೆಕ್ಕ? ಒಂದೇ ಸಲವೋ, ಪ್ರತಿ ತಿಂಗಳೋ? ಒಪ್ಪಿಗೆ ಮುಗಿಯುವುದು ಯಾವಾಗ? ತೆಗೆದುಕೊಂಡದ್ದನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ?

ಇವುಗಳಲ್ಲಿ ‘ಎಷ್ಟು ಸಲ’ ಎಂಬುದನ್ನೇ ನಾನು ಮೊದಲು ನೋಡಿ ಎನ್ನುತ್ತೇನೆ. ಸಾಲ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಲೆಕ್ಕ ಒಂದು ಸಲ ನೋಡಿದರೆ ಸಾಕು. ಸಾಲ ತೀರುವವರೆಗೂ ಆಗಾಗ ಇಣುಕುತ್ತಿರಲು ಕೇಳುವ ಒಪ್ಪಿಗೆಯೂ ಇದೆ, ಅದನ್ನು ನಿಗಾ ಎನ್ನಬಹುದು. ಎರಡೂ ಪರದೆಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ. ಅಗ್ರಿಗೇಟರ್‌ನ ಆ್ಯಪಿಗೆ ಹೋಗಿ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕಿದೆ. ಆದರೆ ಅದು ಮುಂದಿನ ಲೆಕ್ಕಕ್ಕೆ ಮಾತ್ರ. ಈಗಾಗಲೇ ದಾಟಿಹೋದದ್ದು ಅವರು ಹೇಳಿದ ಅವಧಿ ಮುಗಿಯುವವರೆಗೆ ಅವರ ಬಳಿ ಉಳಿಯುತ್ತದೆ.

ಹಾಗಿದ್ದರೆ ಒಪ್ಪದೆ ಇರಬಹುದೇ? ಇರಬಹುದು. ನಿಯಮದಲ್ಲಿ ಬಲವಂತವಿಲ್ಲ. ಆದರೆ ಮಗಳ ಕಾಲೇಜು ಶುಲ್ಕಕ್ಕೆ ನಾಳೆಯೊಳಗೆ ಹಣ ಬೇಕಾದವರು ಈ ಪರದೆಯ ಮುಂದೆ ಕೂತು, ಮಾಹಿತಿ ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ ಎಂಬ ಸಾಲನ್ನು ಓದಿ, ಬೇಡವೆಂದು ಎದ್ದುಹೋಗುತ್ತಾರೆ ಎಂದು ನಂಬುವುದು ಕಷ್ಟ. ಕಷ್ಟದಲ್ಲಿರುವಾಗ ಕೇಳಿದ ಒಪ್ಪಿಗೆಗೂ ಪುರುಸೊತ್ತಿನಲ್ಲಿ ಕೊಟ್ಟ ಒಪ್ಪಿಗೆಗೂ ಕಾನೂನಿನಲ್ಲಿ ತೂಕ ಒಂದೇ. ವ್ಯವಸ್ಥೆಯ ದೊಡ್ಡ ಬಿರುಕು ಇರುವುದು ಇಲ್ಲಿ, ತಂತ್ರಜ್ಞಾನದಲ್ಲಲ್ಲ.

ದಾಟಿಹೋಗುವ ಲೆಕ್ಕದಲ್ಲಿ ಏನಿರುತ್ತದೆ ಎಂಬುದನ್ನೂ ಯೋಚಿಸಬೇಕು. ಹಿಂದೆ ಪಾಸ್‌ಬುಕ್ಕಿನಲ್ಲಿ ಇರುತ್ತಿದ್ದುದು ‘ನಗದು’, ‘ಚೆಕ್’, ‘ಬಡ್ಡಿ’. ಯುಪಿಐ ಬಂದ ಮೇಲೆ ಪ್ರತಿ ಸಾಲಿನಲ್ಲೂ ಒಂದು ಹೆಸರಿದೆ. ಯಾವ ಆಸ್ಪತ್ರೆ, ಯಾವ ದೇವಸ್ಥಾನದ ಹುಂಡಿ, ಯಾವ ಬಾರು, ಯಾವ ಪಕ್ಷಕ್ಕೆ ದೇಣಿಗೆ, ತಿಂಗಳಿಗೊಮ್ಮೆ ಯಾರಿಗೆ ಐದು ಸಾವಿರ. ಸಾಲ ಕೊಡುವವರಿಗೆ ಬೇಕಿರುವುದು ಆದಾಯ ಮತ್ತು ಕಂತು ಕಟ್ಟುವ ಶಕ್ತಿ. ಕೈಗೆ ಸಿಗುವುದು ಬದುಕಿನ ದಿನಚರಿ. ನಿಮಗೆ ಹಣ ಕಳಿಸಿದ ಬಾಡಿಗೆದಾರರ, ನೀವು ಹಣ ಕೊಟ್ಟ ಮನೆಗೆಲಸದವರ ಹೆಸರೂ ಅದರಲ್ಲಿದೆ. ಅವರನ್ನು ಯಾರೂ ಕೇಳಿಲ್ಲ.

ಹಣಕಾಸು ಸಚಿವಾಲಯ 2025ರ ಸೆಪ್ಟೆಂಬರಿನಲ್ಲಿ ಕೊಟ್ಟ ಲೆಕ್ಕದಂತೆ 220 ಕೋಟಿಗೂ ಹೆಚ್ಚು ಖಾತೆಗಳು ಈ ಜಾಲದ ವ್ಯಾಪ್ತಿಗೆ ಬಂದಿವೆ, 11 ಕೋಟಿಗೂ ಹೆಚ್ಚು ಜನ ಖಾತೆ ಜೋಡಿಸಿದ್ದಾರೆ. ಇದಕ್ಕಿಂತ ಹೆಚ್ಚು ಹೇಳುವುದು ಅದೇ ಪಟ್ಟಿಯ ಇನ್ನೊಂದು ಸಾಲು. ಮಾಹಿತಿ ಕೊಡುವ, ಪಡೆಯುವ ಎರಡೂ ಕೆಲಸ ಮಾಡುವ ಸಂಸ್ಥೆಗಳು 112; ಕೊಡುವುದನ್ನಷ್ಟೇ ಮಾಡುವವು 56; ಪಡೆಯುವುದನ್ನಷ್ಟೇ ಮಾಡುವವು 410. ಪಡೆಯುವವರಲ್ಲಿ ಬಹಳಷ್ಟು ಜನರ ಬಳಿ ಕೊಡಲು ಲೆಕ್ಕವೇ ಇರುವುದಿಲ್ಲ, ನಿಜ. ಆದರೂ ಕೊಡದೆ ಪಡೆಯುವ ಚಾಳಿ ಎಷ್ಟಿತ್ತೆಂದರೆ, ಲೆಕ್ಕ ಇಟ್ಟುಕೊಂಡಿರುವ ಸಂಸ್ಥೆ ಪಡೆಯುವ ಬದಿಗೆ ಸೇರಿದರೆ ಕೊಡುವ ಬದಿಗೂ ಸೇರಲೇಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಕಟ್ಟಪ್ಪಣೆ ಮಾಡಬೇಕಾಯಿತು.

ಈ ದಾರಿಯಲ್ಲಿ ಸಾಲವಲ್ಲದ ಬಳಕೆಗಳೂ ಇವೆ. ಎಲ್ಲ ಖಾತೆಗಳನ್ನು ಒಟ್ಟಿಗೆ ನೋಡುವುದು, ಖರ್ಚಿನ ಲೆಕ್ಕ ಇಡುವುದು, ಹೂಡಿಕೆಯ ಸಲಹೆ ಪಡೆಯುವುದು. ಯಾವ ಬ್ಯಾಂಕಿನಲ್ಲಿ ಎಷ್ಟು ಠೇವಣಿ ಮರೆತುಬಿಟ್ಟಿದ್ದೇವೆ ಎಂದು ಹುಡುಕಲೂ ಇದು ನೆರವಾಗಬಹುದು. ಆದರೆ ಅಗ್ರಿಗೇಟರ್‌ಗೆ ದುಡ್ಡು ಕೊಡುವುದು ಸಾಮಾನ್ಯವಾಗಿ ಲೆಕ್ಕ ಕೇಳುವ ಸಂಸ್ಥೆ, ನಾವಲ್ಲ. ದುಡ್ಡು ಎಲ್ಲಿಂದ ಬರುತ್ತದೋ ಅಲ್ಲಿಗೇ ರಸ್ತೆ ಮೊದಲು ಹಾಕುತ್ತಾರೆ.

ಯಾರು ದುಡ್ಡು ಕೊಡಬೇಕು ಎಂಬ ಜಗಳ ಅಮೆರಿಕದಲ್ಲಿ ಬೀದಿಗೇ ಬಂದಿದೆ. ಅಲ್ಲಿ 2010ರ ಡಾಡ್-ಫ್ರಾಂಕ್ ಕಾಯ್ದೆಯ 1033ನೇ ಕಲಮು ಗ್ರಾಹಕರಿಗೆ ತಮ್ಮ ಲೆಕ್ಕ ಪಡೆಯುವ ಹಕ್ಕು ಕೊಟ್ಟಿತು. ಅದಕ್ಕೆ ನಿಯಮ ಬಂದದ್ದು 2024ರ ಅಕ್ಟೋಬರಿನಲ್ಲಿ. ಬಂದ ಕೂಡಲೇ ಬ್ಯಾಂಕುಗಳು ಕೋರ್ಟಿಗೆ ಹೋದವು, ಸರ್ಕಾರ ಬದಲಾದ ಮೇಲೆ ಮರುಪರಿಶೀಲನೆ ಶುರುವಾಯಿತು. ಈ ನಡುವೆ ಜೆಪಿ ಮಾರ್ಗನ್ ಬ್ಯಾಂಕು ಲೆಕ್ಕ ಬೇಕಾದವರು ಶುಲ್ಕ ಕಟ್ಟಲಿ ಎಂದಿತು. ನಿಯಮ ಬರುವ ಮುಂಚಿನ ವರ್ಷಗಳಲ್ಲಿ ಅಲ್ಲಿನ ಅನೇಕರು ತಮ್ಮ ಬ್ಯಾಂಕ್ ಪಾಸ್‌ವರ್ಡನ್ನೇ ಪ್ಲ್ಯಾಡ್‌ನಂಥ ಮಧ್ಯವರ್ತಿ ಕಂಪನಿಗಳ ಪರದೆಯಲ್ಲಿ ಹಾಕಿ ಕೆಲಸ ಸಾಗಿಸಿದರು. ಅದನ್ನು ನೋಡಿದಾಗ, ಮೊದಲು ನಿಯಮ ಮಾಡಿ ಆಮೇಲೆ ಬಾಗಿಲು ತೆರೆದ ರಿಸರ್ವ್ ಬ್ಯಾಂಕಿನ ನಿಧಾನ ಒಳ್ಳೆಯದೇ ಅನಿಸುತ್ತದೆ.

ಪಾವತಿಯ ಅಂಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2025ರ ಆಗಸ್ಟಿನಲ್ಲಿ ಯುಪಿಐ ವಹಿವಾಟು ಒಂದೇ ತಿಂಗಳಲ್ಲಿ 2,000 ಕೋಟಿ ದಾಟಿತು. ಒಂದು ಬ್ಯಾಂಕಿನ ಖಾತೆಯನ್ನು ಬೇರೆ ಕಂಪನಿಯ ಆ್ಯಪಿನಿಂದ ನಡೆಸುವುದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಯುರೋಪಿನವರು ಇದನ್ನು ಓಪನ್ ಬ್ಯಾಂಕಿಂಗ್ ಎಂದು ಕರೆದು ಸಂಭ್ರಮಿಸುವುದು ವಿಚಿತ್ರವಾಗಿ ಕಾಣುತ್ತದೆ. ಆದರೆ ಹೆಜ್ಜೆಗುರುತು ಬಿಡುವ ಹಣದ ಬಗ್ಗೆ ಜನರ ಭಯವೇನು ಎಂಬುದು ಬೆಂಗಳೂರಿಗೆ ಗೊತ್ತಾದದ್ದೂ 2025ರಲ್ಲೇ. ಯುಪಿಐ ಮೂಲಕ ಬಂದ ಹಣದ ಆಧಾರದಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಜುಲೈನಲ್ಲಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಬಂದವು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಕೂತು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಭರವಸೆ ಕೊಡಬೇಕಾಯಿತು.

ಈ ಪ್ರಕರಣಕ್ಕೂ ಅಕೌಂಟ್ ಅಗ್ರಿಗೇಟರ್‌ಗೂ ಸಂಬಂಧವಿಲ್ಲ. ತೆರಿಗೆ ಇಲಾಖೆ ಮಾಹಿತಿ ಪಡೆದದ್ದು ತೆರಿಗೆ ಕಾನೂನಿನ ಅಧಿಕಾರದಿಂದ, ಪಾವತಿ ಕಂಪನಿಗಳಿಂದ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಆದರೆ ನಮ್ಮ ಲೆಕ್ಕ ಯಾರ ಕೈಗೋ ಸಿಕ್ಕಿ ನಮಗೇ ತಿರುಗುಬಾಣವಾಯಿತು ಎಂದು ಕಂಡುಕೊಂಡ ಬೀದಿ ಬದಿಯ ವ್ಯಾಪಾರಿಗೆ ಈ ವ್ಯತ್ಯಾಸ ವಿವರಿಸಿ ಫಲವಿಲ್ಲ. ಅವರ ಯುಪಿಐ ಲೆಕ್ಕವನ್ನೇ ಆಧಾರವಾಗಿಟ್ಟು ಸಾಲ ಕೊಡಬೇಕೆಂಬುದು ಅಗ್ರಿಗೇಟರ್ ವ್ಯವಸ್ಥೆಯ ಮೂಲ ಆಸೆ ಎಂಬುದನ್ನು ನೆನೆದರೆ ನಷ್ಟ ಯಾರಿಗಾಯಿತೆಂದು ತಿಳಿಯುತ್ತದೆ.

ಇನ್ನು ಈ ಜಾಲಕ್ಕೆ ಕಾಣದ ಹಣ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿದಾಗಿನಿಂದ ಕರಾವಳಿಯ ಅಂಗಡಿಯವರ ಉಳಿತಾಯ ಮನೆ ಬಾಗಿಲಿಗೆ ಬಂದ ಏಜೆಂಟರ ಕೈಯಲ್ಲಿ ಹೋಗುತ್ತಿದೆ. ಇಂದು ಆ ಕೆಲಸ ಮಾಡುತ್ತಿರುವುದು ಹೆಚ್ಚಾಗಿ ಊರೂರಿನ ಸಹಕಾರಿ ಸಂಘ, ಸೌಹಾರ್ದಗಳು. ರೈತರ ಬೆಳೆಸಾಲ ಸೊಸೈಟಿಯಲ್ಲಿ, ಹೆಂಗಸರ ಉಳಿತಾಯ ಸ್ವಸಹಾಯ ಸಂಘದಲ್ಲಿ, ಅಂಗಡಿಯವರದ್ದು ಚೀಟಿಯಲ್ಲಿ. ಅಗ್ರಿಗೇಟರ್ ವ್ಯವಸ್ಥೆ ದೊಡ್ಡ ಬ್ಯಾಂಕುಗಳ ಲೆಕ್ಕವನ್ನಷ್ಟೇ ನೋಡಿ ‘ಆದಾಯ ಸಾಲದು’ ಎನ್ನಬಹುದು. ತಿರುಗಾಮುರುಗಾ ಆಗಿ, ಮೂರು ಕಡೆ ಕೈಸಾಲ ಮಾಡಿಕೊಂಡವರ ಖಾತೆ ನೋಡಿ ‘ಸಾಲವೇ ಇಲ್ಲ’ ಎಂದೂ ಹೇಳಬಹುದು. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದ ಹೊತ್ತಿನಲ್ಲಿ ಹೊರಬಂದ ಕಥೆಗಳಲ್ಲಿ ಒಂದರ ಮೇಲೊಂದು ಸಾಲ ಹೊತ್ತ ಮನೆಗಳೇ ಹೆಚ್ಚಿದ್ದವು. ಅಂಥ ಮನೆಯ ಪೂರ್ತಿ ಚಿತ್ರ ಯಾವ ಸ್ಟೇಟ್‌ಮೆಂಟಿನಲ್ಲೂ ಇರುವುದಿಲ್ಲ.

ಇನ್ನೊಂದು ತೊಡಕು ಮೊಬೈಲ್ ಸಂಖ್ಯೆಯದ್ದು. ಖಾತೆ ಹುಡುಕುವುದು ಸಂಖ್ಯೆಯ ಮೇಲೆ, ಒಪ್ಪಿಗೆ ಕೊಡುವುದೂ ಸಂಖ್ಯೆಯಿಂದ. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನ ಖಾತೆಗೆ ಕೊಟ್ಟಿರುವುದು ಮಗನ ಮೊಬೈಲು. ಅಮ್ಮನ ಠೇವಣಿ ಎಷ್ಟಿದೆ ಎಂದು ನೋಡಲು ಮಗನಿಗೆ ಅಮ್ಮನ ಮಾತು ಬೇಕಾಗುವುದಿಲ್ಲ. ಮೊದಲೂ ಹೀಗೇ ಇತ್ತು ಎನ್ನಬಹುದು. ಹೌದು, ಆದರೆ ಈಗ ಅದಕ್ಕೆ ಅಮ್ಮನದೇ ಡಿಜಿಟಲ್ ಒಪ್ಪಿಗೆ ಎಂಬ ಮುದ್ರೆ ಬೀಳುತ್ತದೆ. ಹಿರಿಯರ ಖಾತೆಗೆ ಅವರದೇ ಸಂಖ್ಯೆ ಇರಲಿ, ಸಾದಾ ಫೋನಾದರೂ ಸರಿ.

ಜಾಲ ಹಿಗ್ಗುತ್ತಲೂ ಇದೆ. 2024ರ ಆಗಸ್ಟ್ 26ರಂದು ಬೆಂಗಳೂರಿನ ಸಮ್ಮೇಳನವೊಂದರಲ್ಲಿ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ‘ಯುಎಲ್ಐ’ ಎಂಬ ಸಾಲದ ವೇದಿಕೆಯ ಹೆಸರು ಘೋಷಿಸಿದರು. ಬ್ಯಾಂಕ್ ಲೆಕ್ಕದ ಜೊತೆ ರಾಜ್ಯಗಳ ಜಮೀನು ದಾಖಲೆ, ಡೇರಿಗೆ ಹಾಕಿದ ಹಾಲಿನ ಲೆಕ್ಕವೂ ಒಂದೇ ಕಡೆಯಿಂದ ಸಾಲದಾತರಿಗೆ ಸಿಗುವಂತೆ ಮಾಡುವುದು ಇದರ ಉದ್ದೇಶ. ಕಿಸಾನ್ ಕ್ರೆಡಿಟ್ ಕಾರ್ಡಿನ ಪ್ರಯೋಗ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಭೂಮಿ ಯೋಜನೆಯಡಿ ಪಹಣಿಯನ್ನು ಎಲ್ಲರಿಗಿಂತ ಮೊದಲೇ ಕಂಪ್ಯೂಟರಿಗೆ ಏರಿಸಿದ್ದ ರಾಜ್ಯಕ್ಕೆ ಇದು ಸಹಜ. ಬೆಳೆಸಾಲಕ್ಕೆ ಪಹಣಿ ಹಿಡಿದು ಬ್ಯಾಂಕಿಗೂ ತಾಲ್ಲೂಕು ಕಚೇರಿಗೂ ಅಲೆದ ರೈತರಿಗೆ ಇದರಿಂದ ಉಳಿಯುವ ದಿನಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಪಹಣಿಯಲ್ಲಿ ಇನ್ನೂ ಸತ್ತ ಅಜ್ಜನ ಹೆಸರೇ ಇರುವವರ ಪಾಡು ಮಾತ್ರ ಯಾವ ವೇದಿಕೆಗೂ ಬಗೆಹರಿಯದು.

ರಕ್ಷಣೆಯ ಮಾತಿಗೆ ಬಂದರೆ, ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಫೋಟೋ, ಕರೆಗಳ ವಿವರ ಮುಟ್ಟಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಸಾರಿದ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ. ಅದರ ಬೆನ್ನಿಗೆ ಬಂದ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ 2023ರದ್ದು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಾರಿಕೆಗಳಿಗೆ ಮತ್ತೆ ಹದಿನೆಂಟು ತಿಂಗಳ ಗಡುವು. ಆ ಕಾಯ್ದೆಯಲ್ಲೊಂದು ಕಡೆಗಣಿಸಬಾರದ ಮಾತಿದೆ: ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕು. ಅಂದರೆ ಆ ಗಡುವು ಮುಗಿದ ಮೇಲೆ ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕು. ಬ್ಯಾಂಕಿನ ಮೇಲೆ ದೂರಿದ್ದು, ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.

ಕೊನೆಗೆ, ಲೆಕ್ಕವನ್ನಷ್ಟೇ ಅಲ್ಲ, ಖಾತೆಯನ್ನೇ ಒಯ್ಯುವ ಮಾತು. ಬ್ರಿಟನ್ನಿನಲ್ಲಿ ಓಪನ್ ಬ್ಯಾಂಕಿಂಗ್‌ಗೂ ಮೊದಲೇ, 2013ರಿಂದ, ಏಳು ಕೆಲಸದ ದಿನಗಳಲ್ಲಿ ಖಾತೆಯನ್ನೇ ಬೇರೆ ಬ್ಯಾಂಕಿಗೆ ವರ್ಗಾಯಿಸುವ ಸೇವೆ ಇದೆ. ಬರುವ ಸಂಬಳ, ಹೋಗುವ ಕಂತು ಎಲ್ಲವೂ ತಾನಾಗಿ ಹೊಸ ಖಾತೆಗೆ ತಿರುಗುತ್ತದೆ. ಖಾತೆ ಸಂಖ್ಯೆಯನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಒಯ್ಯುವಂತಾಗಬೇಕು ಎಂದು ರಿಸರ್ವ್ ಬ್ಯಾಂಕಿನ ಆಗಿನ ಡೆಪ್ಯುಟಿ ಗವರ್ನರ್ ಎಸ್.ಎಸ್. ಮುಂದ್ರಾ 2017ರಲ್ಲೇ ಹೇಳಿದ್ದರು. ಸಾಲದಾತರಿಗೆ ನಮ್ಮ ಲೆಕ್ಕ ಕ್ಷಣಗಳಲ್ಲಿ ಮುಟ್ಟುವ ದೇಶದಲ್ಲಿ, ಬ್ಯಾಂಕು ಬದಲಿಸಲು ಹೊರಟವರು ಇವತ್ತಿಗೂ ಗ್ಯಾಸ್ ಸಬ್ಸಿಡಿ, ವಿಮೆಯ ಕಂತು, ಮ್ಯೂಚುವಲ್ ಫಂಡ್, ಆಫೀಸಿನ ಸಂಬಳ ಎಂದು ಒಂದೊಂದು ಕಡೆಗೂ ಒಂದೊಂದು ಅರ್ಜಿ ಬರೆಯುತ್ತಾರೆ.